ರಾಯದುರ್ಗದ ಗಂಡು, ಮಡಕಶಿರಾದ ಪರದೆ

ಸಿಟ್ಟು ಮಾಡಬಾರದು ಅಂತ ದಿನಾ ಬೆಳಿಗ್ಗೆ ಸ್ಟುಡಿಯೋದ ಶಟರ್ ಎತ್ತುವಾಗ ಅಂದುಕೊಳ್ತೀನಿ. ಶಟರ್ ಪೂರಾ ಮೇಲೆ ಹೋಗುವಷ್ಟರಲ್ಲಿ ಯಾರಾದರೂ ಬಂದು ಸಿಟ್ಟು ಬರಿಸಿರ್ತಾರೆ. ರಾಯದುರ್ಗದಲ್ಲಿ ವಿಡಿಯೋ ಸ್ಟುಡಿಯೋ ಇಟ್ಟವನ ಹಣೆಬರಹವೇ ಇಷ್ಟು ಅಂತ ಕಾಣುತ್ತೆ.

ಈಚೆಗೆ ಲೈವ್ ಅಂತ ಒಂದು ಶುರುವಾಗಿದೆಯಲ್ಲ, ಅದನ್ನೂ ಮಾಡ್ತೀನಿ. ಇಲ್ಲಿಯ ಕ್ಯಾಮೆರಾ ಕಂಡದ್ದನ್ನು ಇಲ್ಲಿಯ ಕಂಪ್ಯೂಟರಿನಿಂದ ಬೇರೆ ಊರಿನ ಕಂಪ್ಯೂಟರಿಗೆ ಆಗಿಂದಾಗಲೇ ಕಳಿಸೋದು. ಫೋನಿನಲ್ಲಿ ಬರುವ ಮಸುಕು ಮಸುಕು ಚಿತ್ರ ಅಲ್ಲ. ಸೀರೆಯ ಅಂಚಿನ ಎಳೆ ಎಣಿಸಬಹುದು, ಅಷ್ಟು ಸ್ಪಷ್ಟ. ಯಂತ್ರಗಳು ಪಾಪ ಹೇಳಿದಂಗೆ ಕೇಳ್ತಾವೆ. ಕೇಳದೇ ಇರೋರು ಜನ. ಯಾರದೋ ಮನೆಯವರು ಹಂಗೆ ಮಾಡಿದ್ದರೆ ಬೈದು ಸುಮ್ಮನಾಗ್ತಿದ್ದೆ. ನಮ್ಮಕ್ಕನ ಮನೆಯಲ್ಲೇ ಆಯಿತಲ್ಲ, ಅದನ್ನ ಯಾರ ಹತ್ತಿರ ಹೇಳ್ಕೊಳ್ಳಲಿ? ನಿಮ್ಮ ಮುಂದೆ ಹೇಳ್ತೀನಿ, ನ್ಯಾಯ ನೀವೇ ಹೇಳ್ರಿ.

ಹಸಿರು ಗದ್ದೆ

ನಮ್ಮಕ್ಕನಿಗೆ ಒಬ್ಬನೇ ಮಗ. ನಮ್ಮೂರಲ್ಲೇ ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆ ಇಟ್ಟಿದ್ದಾನೆ. ಒಳ್ಳೆ ಹುಡುಗ, ಆದರೆ ತಾಯಿಯ ಮುಂದೆ ಬಾಯಿ ಬಿಡೋನಲ್ಲ. ಎಷ್ಟೋ ಸಂಬಂಧ ಬಂದು ತಪ್ಪಿ, ಕೊನೆಗೆ ಮಡಕಶಿರಾದಲ್ಲಿ ಒಂದು ಹೆಣ್ಣು ಕೂಡಿ ಬಂತು. ಜಾತಕ ಆಯಿತು, ಹೋಗಿ ಹೆಣ್ಣು ನೋಡಿದ್ದೂ ಆಯಿತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದರು. ನಮ್ಮ ಹುಡುಗನಂತೂ ಬರುವಾಗ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಾಚೆ ನೋಡಿಕೊಂಡು ಒಬ್ಬನೇ ನಗ್ತಿದ್ದ.

ತೊಡಕು ಎರಡಿತ್ತು. ಒಂದು, ಹುಡುಗಿಯ ಕೆಲಸ. ಪರೀಕ್ಷೆ ಬರೆದು ಸಚಿವಾಲಯದಲ್ಲಿ, ಅಂದರೆ ನಮ್ಮ ಆಂಧ್ರದಲ್ಲಿ ಊರೂರಿಗೆ ಇರೋ ಸರ್ಕಾರಿ ಕಚೇರಿಯಲ್ಲಿ, ಕೆಲಸ ಗಿಟ್ಟಿಸಿಕೊಂಡವಳು. "ವರ್ಗ ಮಾಡಿಸ್ಕೊಂಡು ನಿಮ್ಮ ಕಡೆಗೇ ಬತ್ತೀನಿ, ಕೆಲ್ಸ ಮಾತ್ರ ಬಿಡಲ್ಲ" ಅಂತ ಹುಡುಗನಿಗೆ ಫೋನಿನಲ್ಲಿ ಹೇಳಿದ್ದಳು. ಇವನು ಹೂಂ ಅಂದಿದ್ದ. ಆದರೆ ನಮ್ಮಕ್ಕನ ಲೆಕ್ಕದಲ್ಲಿ ಸೊಸೆ ಅಂದರೆ ಮನೆಯಲ್ಲಿರೋಳು. ಅವಳಿಗೆ ಈ ವಿಷಯ ಹೇಳೋರು ಯಾರು? ಸೋದರಳಿಯ ನನ್ನ ಹತ್ತಿರ ಬಂದು, "ಮಾವ, ಈ ಸಂಬಂಧ ತಪ್ಪಿದರ ನಾ ಮತ್ತ ಯಾವ ಹೆಣ್ಣೂ ನೋಡಾಕ ಬರಂಗಿಲ್ಲ, ಅಷ್ಟ" ಅಂದ. ನನಗೆ ಪಾಪ ಅನ್ನಿಸಿತು.

ಎರಡನೇ ತೊಡಕು ಹುಡುಗಿಯ ಅಜ್ಜಿ. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಹುಲ್ಲುಕಡ್ಡಿ ಅಲ್ಲಾಡೋದಿಲ್ಲ. ನಾವು ಹೆಣ್ಣು ನೋಡಲು ಹೋದಾಗ ಆಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಹಂಗಾಗಿ ಹುಡುಗನನ್ನೂ ನೋಡಿಲ್ಲ. ಈಗ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡೋಕೆ ಬರಬೇಕು, ಅದು ಪದ್ಧತಿ. ಅಜ್ಜಿ ಮಂಚ ಬಿಟ್ಟು ಏಳೋ ಹಂಗಿಲ್ಲ. ನಿಮ್ಮ ಮಗನನ್ನು ಕಳಿಸಿ ಅಂದರೆ, "ಅವನ ಕಣ್ಣು ನಂಬಿ ಒಂದು ಸಲ ಕೆಟ್ಟಿದೀನಿ" ಅಂದಳಂತೆ.

ಆದದ್ದು ಇಷ್ಟು. ದೊಡ್ಡ ಮೊಮ್ಮಗಳನ್ನು ಕಣೇಕಲ್ಲಿನ ಕಡೆ ಕೊಡುವಾಗ ಮಗ ಹೋಗಿ ಫೋನಿನಲ್ಲಿ ಆ ಮನೆ ತೋರಿಸಿದ್ದ. ಮನೆಯ ಹಿಂದೆ ಹಚ್ಚ ಹಸಿರು ಗದ್ದೆ ಕಂಡು ಅಜ್ಜಿ ಕೂಡಲೇ ಒಪ್ಪಿದ್ದಳು. ಮದುವೆ ಆದ ಮೇಲೆ ಹೋಗಿ ನೋಡಿದರೆ ಅದು ಪಕ್ಕದ ಮನೆಯವರು ಹುಲ್ಲಿನ ಬಣವೆಗೆ ಹೊದಿಸಿದ್ದ ಹಸಿರು ಟಾರ್ಪಾಲು!

"ಈ ಸಲ ಫೋನು ಬ್ಯಾಡ. ದೊಡ್ಡ ಟೀವಿಯಾಗೆ, ಕಣ್ಣೆದುರಿಗೆ ಇದ್ದಂಗೆ ಕಾಣ್ಬೇಕು" ಅಂತ ಅಜ್ಜಿಯ ಅಪ್ಪಣೆ ಬಂತು.

ನಮ್ಮಕ್ಕ ನೇರ ನನ್ನ ಸ್ಟುಡಿಯೋಕ್ಕೆ ಬಂದು, "ಊರಿನವರ ಮದುವಿ ಎಲ್ಲಾ ದೇಶಕ್ಕ ತೋರಸ್ತಿ, ನನ್ನ ಮಗಂದು ಮಡಕಶಿರಾತನ ಮುಟ್ಟಸಾಕ ಆಗಂಗಿಲ್ಲೇನ್?" ಅಂತ ಕೇಳಿದಳು. ಆಗೋದಿಲ್ಲ ಅಂತ ನಾನು ಎಲ್ಲಿ ಹೇಳಿದ್ದೆ? ಬಾಯೇ ಬಿಟ್ಟಿರಲಿಲ್ಲ. ಬಂದವಳೇ ಬೈಯೋದು!

ಒಂದೇ ಗ್ವಾಡಿ

ನನ್ನ ಹೆಂಡತಿಯ ತಮ್ಮ ಮಡಕಶಿರಾದಲ್ಲೇ ಕಂಪ್ಯೂಟರ್ ರಿಪೇರಿ ಮಾಡ್ತಾನೆ. ಆ ಕಡೆ ಅವನು, ಈ ಕಡೆ ನಾನು ಅಂತ ಮಾತಾಯಿತು. ಹಿಂದಿನ ದಿನ ಸುಮ್ಮನೆ ಒಂದು ಟ್ರಯಲ್ ನೋಡೋಣ ಅಂತ ಅಕ್ಕನ ಪಡಸಾಲೆಯಲ್ಲಿ ಕ್ಯಾಮೆರಾ ಹೂಡಿದೆ. ಅಜ್ಜಿಯ ಮಂಚದ ಎದುರು ಬಾಮೈದ ದೊಡ್ಡ ಟೀವಿ ಇಟ್ಟ. ಚಿತ್ರ ಹೋಯಿತು. ಏನು ಸೊಗಸು ಅಂತೀರಿ! ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು, ಅಷ್ಟರಲ್ಲಿ ಆ ಕಡೆಯಿಂದ ಅಜ್ಜಿಯ ದನಿ ಬಂತು.

"ಏ ಫೋಟದಪ್ಪಾ, ಆ ಮೂಲೇಲಿ ಜೇಡರ ಬಲೆ ಐತಲ್ಲ, ಯಾವ ಹಬ್ಬಕ್ಕೆ ತೆಗೀತೀರಿ?"

ನಮ್ಮಕ್ಕ ಎದೆ ಹಿಡಿದುಕೊಂಡು ಕೂತಳು. ಗೋಡೆಯ ಸುಣ್ಣ ಉದುರಿದ್ದು, ಕ್ಯಾಲೆಂಡರಿನ ಹಿಂದಿನ ಬಿರುಕು, ಎಲ್ಲ ಮಡಕಶಿರಾಕ್ಕೆ ಹೋಗಿ ಮುಟ್ಟಿತ್ತು. ನನ್ನನ್ನು ಅಡಿಗೆಮನೆಗೆ ಎಳಕೊಂಡು ಹೋಗಿ, "ತಮ್ಮಾ, ಸ್ವಲ್ಪ ಮಬ್ಬು ಮಾಡೋ" ಅಂದಳು.

"ಅವರು ಸ್ಪಷ್ಟ ಬೇಕು ಅಂತಾರ, ನೀ ಮಬ್ಬು ಅಂತಿ. ನಾನೇನು ಮಾಡಲಿ?"

"ಹುಡುಗ ಸ್ಪಷ್ಟ ಕಾಣಲಿ. ಗ್ವಾಡಿ ಮಬ್ಬಾಗಲಿ."

ಅದೂ ಆಗುತ್ತೆ ಅನ್ನಿ. ಹುಡುಗನ ಮುಖವನ್ನೇ ಹತ್ತಿರಕ್ಕೆ ಹಿಡಿದೆ. ಗೋಡೆ ಮಾಯವಾಯಿತು. ಆ ಕಡೆಯಿಂದ ಅಜ್ಜಿ, "ಯಾಕಪ್ಪಾ, ಕುತ್ತಿಗೆಯಿಂದ ಕೆಳಗೆ ಏನಾದ್ರೂ ಐಬು ಐತಾ?" ಅಂದಳು.

ಅವತ್ತು ಮಧ್ಯಾಹ್ನವೇ ಅಕ್ಕ ಬಣ್ಣ ಬಳಿಯೋನನ್ನ ಕರೆಸಿದಳು. ಬಳಿಸಿದ್ದು ಒಂದೇ ಗೋಡೆಗೆ, ಅದೂ ಕ್ಯಾಮೆರಾಕ್ಕೆ ಕಾಣುವಷ್ಟೇ ಜಾಗಕ್ಕೆ. ಮಿಕ್ಕಿದ್ದು ಯಾಕ ಬಿಟ್ಟಿ ಅಂತ ಕೇಳಿದರೆ, "ನಿನ್ನ ಕ್ಯಾಮೆರಾ ಅಲ್ಲಿಗೆ ತಿರುಗಿದರ ನಿನ್ನ ಕಾಲು ಮುರೀತೀನಿ" ಅಂದಳು. ಮನೆ ತೋರಿಸೋ ಶಾಸ್ತ್ರಕ್ಕೆ ಕರೆಸಿ, ಮನೆ ತೋರಿಸಿದರೆ ಕಾಲು ಮುರಿಯೋದು. ನ್ಯಾಯ ಐತೇನ್ರಿ ಇದು?

ಅಗಳಿಯ ಚಿಕ್ಕಪ್ಪ

ಮಾರನೇ ದಿನ ಒಳ್ಳೆ ಗಳಿಗೆ ನೋಡಿ ಶುರು ಮಾಡಿದೆವು. ದೇವರಿಗೆ ಕಾಯಿ ಒಡೆದದ್ದಾಯಿತು, ಕ್ಯಾಮೆರಾಕ್ಕೆ ಕುಂಕುಮ ಇಟ್ಟದ್ದೂ ಆಯಿತು. ಲೆನ್ಸಿಗೇ ಇಡೋಕೆ ಬಂದಿದ್ದಳು ಅಕ್ಕ, ಕೈ ಹಿಡಿದು ತಡೆದೆ. ಅದಕ್ಕೂ ಮುಖ ಊದಿಸಿಕೊಂಡಳು.

ಆ ಕಡೆ ಪರದೆ ಮೇಲೆ ಅಜ್ಜಿ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಹುಡುಗಿ, ಸುತ್ತ ನೆಂಟರಿಷ್ಟರು. ನಮಸ್ಕಾರ ಅಂದೆವು. ಚಿತ್ರ ನಿಂತೇ ಬಿಟ್ಟಿತು. ನಮ್ಮಕ್ಕ ಕೈ ಮುಗಿದದ್ದು ಮುಗಿದಂಗೇ ಮಡಕಶಿರಾದಲ್ಲಿ ನಿಂತಿದ್ದಾಳಂತೆ, ಬಾಯಿ ಅರ್ಧ ತೆರೆದು!

"ನಿನ್ನ ಡಬ್ಬಾ ಮಿಷನ್ನು!" ಅಂತ ಅಕ್ಕ ಶುರು ಮಾಡಿದಳು. ನೆಟ್ಟಿನವನಿಗೆ ಫೋನ್ ಹಚ್ಚಿದೆ. ಅವನು ತೆಲುಗಿನಲ್ಲಿ, "ಅನ್ನಾ, ಮಾ ಲೈನ್ ಬಾಗುಂದಿ" ಅಂದ. ಅವನ ಲೈನು ಯಾವತ್ತೂ ಚೆನ್ನಾಗೇ ಇರುತ್ತೆ, ಅದು ಬಿಡ್ರಿ. ಬಾಮೈದನಿಗೆ ಫೋನ್ ಮಾಡಿ, "ಅಲ್ಲೇನಾಗೇದೋ ನೋಡು" ಅಂತ ಕಿರುಚಿದೆ.

ಅವನು ನೋಡಿ ಹೇಳಿದ್ದು ಕೇಳಿ ನನ್ನ ಮೈಯೆಲ್ಲ ಉರಿಯಿತು. ಅಲ್ಲಿ ಕೂತ ನೆಂಟರೆಲ್ಲ ಆ ಮನೆಯ ವೈಫೈಗೇ ತಮ್ಮ ತಮ್ಮ ಫೋನು ಹಾಕಿಕೊಂಡು, ಟೀವಿಯಲ್ಲಿ ಬರೋದನ್ನು ಇನ್ನೊಬ್ಬರಿಗೆ ಲೈವ್ ಬಿಡ್ತಿದ್ದಾರೆ! ಒಬ್ಬ ಅಗಳಿಯಲ್ಲಿರೋ ಚಿಕ್ಕಪ್ಪನಿಗೆ, ಒಬ್ಬಳು ರತ್ನಗಿರಿಯ ಅತ್ತೆಗೆ. ಇರೋ ಒಂದು ನಲ್ಲಿಗೆ ಊರೆಲ್ಲ ಕೊಡ ಇಟ್ಟರೆ ನೀರೆಲ್ಲಿಂದ ಬರಬೇಕು?

"ಎಲ್ಲಾರೂ ಫೋನ್ ಆಫ್ ಮಾಡ್ರಿ ಅಂತ ಹೇಳೋ" ಅಂದೆ.

"ಹೇಳ್ದೆ ಭಾವ. ಎಲ್ರೂ ಮಾಡವ್ರೆ. ಅಗಳಿ ಚಿಕ್ಕಪ್ಪನಿಗೆ ತೋರಿಸ್ತಿರೋ ಫೋನೊಂದು ಬಿಟ್ಟು."

"ಅದ್ಯಾಕ ಬಿಟ್ಟಿ?"

"ಅವ್ರು ನೋಡ್ದೆ ಮಾತು ಮುಂದುವರಿಸಂಗಿಲ್ಲ ಅಂತಾವ್ರೆ. ಅವ್ರು ಬಲು ಕೋಪಿಷ್ಟರು."

ಕೊನೆಗೆ ಅಗಳಿಯ ಚಿಕ್ಕಪ್ಪನನ್ನೇ ಆಟೋ ಹತ್ತಿಸಿ ಮಡಕಶಿರಾಕ್ಕೆ ಕರೆಸಿದರು. ಅವರು ಬರೋತನಕ ಎರಡು ಮನೆಯವರೂ ಕೈ ಕಟ್ಟಿಕೊಂಡು ಕೂತೆವು. ಬಂದವರು ಟೀವಿ ಎದುರು ಕೂತು ಮೊದಲು ಕೇಳಿದ್ದೇನು ಗೊತ್ತೇನ್ರಿ? "ಇಷ್ಟೊತ್ತು ಯಾಕೆ ತಡ ಮಾಡಿದ್ರಿ ಗಂಡಿನ ಕಡೆಯೋರು?"

ನಡಿಯಪ್ಪ, ನಿಲ್ಲಪ್ಪ

ಇನ್ನೊಂದು ವಿಷಯ ನಿಮಗೆ ಹೇಳಬೇಕು. ಚಿತ್ರ ಅಷ್ಟು ಸ್ಪಷ್ಟವಾಗಿ, ತುಂಡಾಗದಂಗೆ ಹೋಗಬೇಕಾದರೆ ಸ್ವಲ್ಪ ತಡವಾಗುತ್ತೆ. ಇಲ್ಲಿ ಚಪ್ಪಾಳೆ ತಟ್ಟಿದರೆ ಅಲ್ಲಿ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿನ ಮೇಲೆ ಕೇಳುತ್ತೆ. ತಡ ಬೇಡ ಅಂದರೆ ಚಿತ್ರ ಮಸುಕಾಗುತ್ತೆ. ಇದನ್ನು ಮೊದಲೇ ಬಿಡಿಸಿ ಹೇಳಿದ್ದೆ. "ತಡ ಆದ್ರೆ ಆಗ್ಲಿ, ನಂಗೇನು ಬಸ್ ಹಿಡಿಯೋದೈತಾ" ಅಂದಿದ್ದಳು ಅಜ್ಜಿ.

ಅಂದವಳು ಅದನ್ನು ನೆನಪಿಟ್ಟುಕೊಳ್ಳಬೇಕೋ ಬ್ಯಾಡವೋ? ಹುಡುಗನನ್ನ ಏನು ಓದಿದೀಯಪ್ಪಾ ಅಂತ ಕೇಳೋದು. ಪ್ರಶ್ನೆ ಇಲ್ಲಿಗೆ ಬರೋಕೆ ಒಂದಿಷ್ಟು ಹೊತ್ತು, ಉತ್ತರ ಅಲ್ಲಿಗೆ ಹೋಗೋಕೆ ಒಂದಿಷ್ಟು ಹೊತ್ತು. ನಡುವೆ ಹುಡುಗ ಸುಮ್ಮನೆ ಕೂತು ಕಣ್ಣು ಮಿಟುಕಿಸೋದು ಮಾತ್ರ ಅಲ್ಲಿ ಚೆನ್ನಾಗಿ ಕಾಣುತ್ತೆ. ಅಗಳಿಯ ಚಿಕ್ಕಪ್ಪ ಪಕ್ಕದವರ ಕಿವಿಯಲ್ಲಿ, "ಯಾರೋ ಹಿಂದಿಂದ ಹೇಳ್ಕೊಡ್ತಾವ್ರೆ" ಅಂದದ್ದು ಮೈಕಿನಲ್ಲಿ ನಮಗೆಲ್ಲ ಕೇಳಿಸಿತು.

ಆಮೇಲೆ ಅಜ್ಜಿ, "ಎಲ್ಲಿ, ಒಂದೀಟು ನಡಿಯಪ್ಪಾ, ನೋಡಾನ" ಅಂದಳು.

ನಮ್ಮಕ್ಕ ಕೆಂಡವಾದಳು. "ಗಂಡು ಹುಡುಗನ್ನ ನಡಿಸಿ ನೋಡ್ತಾರಂತ! ಇದ್ಯಾವ ಊರ ಪದ್ಧತಿರಿ?"

"ನನ್ನ ನೋಡೋಕೆ ಬಂದಾಗ ನನ್ನ ನಡೆಸ್ಲಿಲ್ವಾ? ನನ್ನ ಸೊಂಟ ನೆಟ್ಟಗಿದ್ದ ಕಾಲ ಅದು. ಈಗ ನಾನು ನೋಡ್ತೀನಿ" ಅಂದಳು ಅಜ್ಜಿ.

ಹುಡುಗ ಎದ್ದ. ಪಾಪ, ಈ ಹೆಣ್ಣಿಗೋಸ್ಕರ ನಡಿ ಅಂದರೆ ಬಳ್ಳಾರಿತನಕ ನಡೀತಿದ್ದ. ನಡೆಯೋಕೆ ಶುರು ಮಾಡಿದ. ನಾನು ಕ್ಯಾಮೆರಾ ತಿರುಗಿಸಿಕೊಂಡು ಹೋದೆ. ಅಜ್ಜಿ "ಸಾಕು, ನಿಲ್ಲಪ್ಪಾ" ಅಂದಿದ್ದಾಳೆ. ಅದು ಬಂದು ಮುಟ್ಟುವಷ್ಟರಲ್ಲಿ ಇವನು ಬಾಗಿಲು ದಾಟಿದ್ದ. ಅಂಗಳದಲ್ಲಿ ಕೇಳಿಸೋದಿಲ್ಲವಲ್ಲ, ಅಂಗಳವೂ ದಾಟಿದ. ಕ್ಯಾಮೆರಾ ಅವನ ಹಿಂದೆ ತಿರುಗುವಾಗ ಬಣ್ಣ ಬಳಿಯದ ಮೂರು ಗೋಡೆ, ಬಾಗಿಲ ಹಿಂದೆ ಗುಡ್ಡೆ ಹಾಕಿದ್ದ ಅಕ್ಕನ ಹಳೇ ಗೋಣಿಚೀಲ, ಎಲ್ಲ ಮಡಕಶಿರಾಕ್ಕೆ ದರ್ಶನ ಕೊಟ್ಟವು.

ಅಜ್ಜಿ ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು. "ಹುಡ್ಗ ಹೇಳಿದ ಮಾತು ಮೀರೋನಲ್ಲ. ಮನೇನೂ ಇದ್ದಿದ್ದು ಇದ್ದಂಗೆ ತೋರಿಸಿದ್ರು. ಹುಡ್ಗನೂ ಒಪ್ಪಿಗೆ, ಮನೇನೂ ಒಪ್ಪಿಗೆ" ಅಂದಳು. ಕೆಲಸ ನನ್ನಿಂದ ಆಯಿತೋ ಇಲ್ಲವೋ? ಅಕ್ಕ ಮಾತ್ರ ಗೋಡೆ ತೋರಿಸಿದ್ದಕ್ಕೆ ನನ್ನ ರಟ್ಟೆ ಚಿವುಟಿದಳು, ನೀಲಿಗಟ್ಟೋ ಹಂಗೆ. ಒಳ್ಳೇದು ಮಾಡಿದ್ದಕ್ಕೆ ಕೂಲಿ!

ಯಾರ ಮಾತಿಗೆ?

ಇನ್ನು ಉಳಿದದ್ದು ಆ ಕೆಲಸದ ಮಾತು. ಅಜ್ಜಿಯೇ ತೆಗೆದಳು. "ನೋಡವ್ವಾ, ಒಂದೇ ಒಂದು ಮಾತು. ನಮ್ಮ ಹುಡ್ಗಿ ಸರ್ಕಾರಿ ಕೆಲ್ಸದಾಗೆ ಅವ್ಳೆ. ನಿಮ್ಮನೆಗೆ ಬಂದ ಮೇಲೂ ಹೋಗ್ತಾಳೆ. ಏನಂತೀರಿ?"

ಅಳಿಯನ ಮುಖ ಸುಣ್ಣದಂಗೆ ಬೆಳ್ಳಗಾಯಿತು. ಅಕ್ಕ ಸೆರಗು ಸರಿ ಮಾಡಿಕೊಂಡು ಕ್ಯಾಮೆರಾದ ಎದುರಿಗೆ ಬಂದು ಕೂತಳು. "ನೋಡ್ರಿ ಅಮ್ಮಾ, ಮುಚ್ಚುಮರಿ ಯಾಕ? ನಮ್ಮನಿ ಸೊಸಿ ಹೊರಗ ದುಡಿಯಾಕ ಹೋಗಂಗಿಲ್ಲ" ಅಂದುಬಿಟ್ಟಳು.

ಅಲ್ಲಿಗೆ ಮುಟ್ಟಿ ಉತ್ತರ ಬರಲಿ ಅಂತ ಎಲ್ಲರೂ ಸುಮ್ಮನೆ ಕಾದೆವು. ಆ ಸದ್ದಿಲ್ಲದ ಹೊತ್ತಿನಲ್ಲಿ ನಮ್ಮಕ್ಕನ ಬಾಗಿಲ ಮೇಲೆ ಒಂದು ಹಲ್ಲಿ, "ಲೊಚ್ ಲೊಚ್ ಲೊಚ್" ಅಂತು.

ಮಾತಿನ ಹಿಂದೆ ಹಲ್ಲಿ ನುಡಿದರೆ ಆ ಮಾತು ಸತ್ಯ, ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅಕ್ಕ ಕುರ್ಚಿಯ ಕೈ ಮೇಲೆ ಬೆರಳಿಂದ ತಟ್ಟಿ, "ಕೃಷ್ಣ ಕೃಷ್ಣ! ನೋಡಿದ್ರೇನು, ಹಲ್ಲಿನೂ ಹೌದಂತು!" ಅಂತ ಗೆದ್ದವಳಂಗೆ ಸುತ್ತ ನೋಡಿದಳು. ಅಳಿಯ ತಲೆ ಮೇಲೆ ಕೈ ಇಟ್ಟುಕೊಂಡ.

ಅಷ್ಟರಲ್ಲಿ ಪರದೆ ಮೇಲೆ ಹುಡುಗಿ ತಲೆ ಎತ್ತಿ, "ನಾನು ಕೆಲ್ಸ ಬಿಡೋದಿಲ್ಲ" ಅಂದಳು. ಅಂದದ್ದೇ ತಡ, ಅಜ್ಜಿ ಮಂಚದ ಪಟ್ಟಿ ತಟ್ಟಿ, "ಕೃಷ್ಣ ಕೃಷ್ಣ! ಕೇಳಿದ್ರಾ ಎಲ್ರೂ, ನಮ್ಮ ಹುಡ್ಗಿ ಮಾತಿಗೆ ಹಲ್ಲಿ ನುಡೀತು!"

ನಮ್ಮ ಕಡೆ ಎಲ್ಲರೂ ಬಾಯಿ ಬಿಟ್ಟೆವು. "ಅಲ್ಲೂ ಒಂದು ಹಲ್ಲಿ ಐತೇನೋ?" ಅಂತ ಬಾಮೈದನನ್ನ ಕೇಳಿದೆ.

"ಇಲ್ಲಿ ಯಾವ ಹಲ್ಲೀನೂ ಇಲ್ಲ ಭಾವ. ನಿಮ್ಮನೇದೇ. ಸ್ಪೀಕರಿನಾಗೆ ಬಂತು."

ತಿಳೀತೇನ್ರಿ ಆಗಿದ್ದು? ಅಕ್ಕನ ಮಾತು ಮಡಕಶಿರಾ ಮುಟ್ಟಿದೆ. ಕೇಳಿದ ಕೂಡಲೇ ಹುಡುಗಿ ಪಟ್ಟಂತ ಉತ್ತರ ಕೊಟ್ಟಿದ್ದಾಳೆ. ಅದರ ಬೆನ್ನಿಗೆ ನಮ್ಮ ಹಲ್ಲಿಯ ಸದ್ದು ಅಲ್ಲಿಗೆ ಹೋಗಿ ಮುಟ್ಟಿದೆ. ನಮಗೆ ಹಲ್ಲಿ ನುಡಿದದ್ದು ಅಕ್ಕನ ಮಾತಿಗೆ. ಅವರಿಗೆ ಹುಡುಗಿಯ ಮಾತಿಗೆ.

ಹತ್ತಿಕೊಂಡಿತು ನೋಡ್ರಿ ಜಗಳ. "ನನ್ನ ಮಾತಿಗೆ ಅಂತು!" "ನಮ್ಮ ಹುಡ್ಗಿ ಮಾತಿಗೆ!" ಅಗಳಿಯ ಚಿಕ್ಕಪ್ಪ, "ರೆಕಾರ್ಡ್ ಹಾಕಿ ತೋರಿಸ್ರಿ" ಅಂದರು. ಇಲ್ಲಿಯ ಕಂಪ್ಯೂಟರಿನದು ಹಾಕಿದೆ. ಅಕ್ಕನ ಮಾತು, ಹಲ್ಲಿ, ಆಮೇಲೆ ಹುಡುಗಿ. "ಆತಲ್ಲ!" ಅಂದಳು ಅಕ್ಕ. ಬಾಮೈದ ಅಲ್ಲಿಯ ಕಂಪ್ಯೂಟರಿನದು ಹಾಕಿದ. ಅಕ್ಕನ ಮಾತು, ಹುಡುಗಿ, ಆಮೇಲೆ ಹಲ್ಲಿ. ಎರಡೂ ಸುಳ್ಳಲ್ಲ, ಎರಡರಲ್ಲೂ ಒಂದು ಅಕ್ಷರ ಮಸುಕಿಲ್ಲ!

"ಮಿಷನ್ನು ನಿಂದಲ್ಲೇನು? ನೀನ ಹೇಳು, ಹಲ್ಲಿ ಯಾರ ಮಾತಿಗೆ ಅಂತು?" ಅಂತ ಅಕ್ಕ ನನ್ನ ಮೇಲೆ ಬಿದ್ದಳು.

ನನಗೆ ತಲೆ ಕೆಟ್ಟುಹೋಗಿತ್ತು. "ಹಲ್ಲಿಗೆ ಯಾವುದೋ ಹುಳ ಕಂಡಿರಬೇಕು, ಅಂದೈತಿ. ಅದಕ್ಕೂ ಈ ಮದುವಿಗೂ ಏನು ಸಂಬಂಧ?" ಅಂದೆ.

ಅಬ್ಬಾ! ಅಷ್ಟು ಹೊತ್ತು ಕಿತ್ತಾಡುತ್ತಿದ್ದ ಎರಡೂ ಮನೆಯವರು ಒಂದಾಗಿ ನನ್ನನ್ನು ಝಾಡಿಸಿದರು. ಶಾಸ್ತ್ರ ಗೊತ್ತಿಲ್ಲದವನು, ದೊಡ್ಡವರ ಮಾತಿನಲ್ಲಿ ಬಾಯಿ ಹಾಕೋನು ಅಂತ. ಬೀಗರು ಬೀಗರ ನಡುವೆ ಅವತ್ತು ಮೊದಲ ಸಲ ಒಮ್ಮತ ಆದದ್ದು ನನ್ನನ್ನು ಬೈಯೋ ವಿಷಯದಲ್ಲಿ. ಬೈದು ಮುಗಿಸಿ ಮತ್ತೆ ಶುರು ಮಾಡಿದರು. ಇತ್ತ ಅಳಿಯ, ಅತ್ತ ಪರದೆ ಮೇಲೆ ಆ ಹುಡುಗಿ, ಇಬ್ಬರ ಕಣ್ಣಲ್ಲೂ ನೀರು ತುಂಬಿದ್ದು ನನ್ನ ಕ್ಯಾಮೆರಾದ ದಯೆಯಿಂದ ಎರಡೂ ಊರಿಗೆ ಚೆನ್ನಾಗಿ ಕಾಣ್ತಿತ್ತು. ನೋಡೋರು ಯಾರು? ಸಂಬಂಧ ಮುರೀತು ಅಂತಲೇ ಅಂದುಕೊಂಡೆ.

ಆಗ ಅಜ್ಜಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಒಂದು ಕೇಳ್ತೀನಿ. ಆ ಹಲ್ಲಿ ಯಾರ ಮನೇದು?"

"ನಮ್ಮದ್ರಿ!" ಅಂದಳು ಅಕ್ಕ, ಎದೆ ಉಬ್ಬಿಸಿ. "ನಾನು ಈ ಮನಿಗೆ ಸೊಸಿಯಾಗಿ ಬಂದಾಗಿಂದ ಇದೇ ಬಾಗಿಲ ಮ್ಯಾಲೆ ಐತಿ."

"ಹಂಗಾದ್ರೆ ಕೇಳವ್ವಾ. ನಿಮ್ಮನೆ ಹಲ್ಲಿ ನಿಮ್ಮ ಎದುರಿಗೆ ನಿಮ್ಮ ಮಾತಿಗೆ ಹೂಂ ಅನ್ನೋದು ದೊಡ್ಡದಲ್ಲ. ನಿಮ್ಮ ಮನೇಲೇ ಬಾಳಬೇಕಲ್ಲ, ಪಾಪ ಏನು ಮಾಡ್ತದೆ? ಆದ್ರೆ ಅದೇ ಹಲ್ಲಿ ನಿಮ್ಮ ಕಣ್ತಪ್ಪಿಸಿ, ರಾಯದುರ್ಗದಿಂದ ಇಲ್ಲಿಗೆ ಬಂದು, ನಮ್ಮ ಹುಡ್ಗಿ ಮಾತಿಗೆ ಹೂಂ ಅಂದೈತೆ. ಗಂಡಿನ ಮನೇದೇ ಬಂದು ಹೆಣ್ಣಿನ ಕಡೆ ಸಾಕ್ಷಿ ಹೇಳಿದ ಮೇಲೆ, ಇನ್ನು ಮಾತೇನು ಉಳೀತು?"

ಅಗಳಿಯ ಚಿಕ್ಕಪ್ಪ, "ಭೇಷ್!" ಅಂದರು. ನಮ್ಮ ಕಡೆಯವರೂ ತಲೆ ಆಡಿಸಿಬಿಟ್ಟರು. ಹಲ್ಲಿಯ ಮಾತು ಸುಳ್ಳು ಅಂತ ಅಕ್ಕ ಅನ್ನೋ ಹಂಗಿಲ್ಲ, ಅದನ್ನು ಮೊದಲು ಸಾಕ್ಷಿಗೆ ಎಳೆದವಳೇ ಅವಳು. ನಮ್ಮ ಅಳಿಯ, ಜನ್ಮದಲ್ಲೇ ಮೊದಲ ಸಲ, ತಾಯಿಯ ಮುಖ ನೋಡದೆ, "ಹೌದ್ರಿ ಅಜ್ಜಿ, ಹಂಗ ಆಗಲಿ, ಕೆಲಸಕ್ಕ ಹೋಗಲಿ!" ಅಂತ ಕೂಗಿದ. ಅದು ಮುಟ್ಟುವಷ್ಟು ಹೊತ್ತು ಬಿಟ್ಟು ಪರದೆ ಮೇಲೆ ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ಕಡೆ ಸಕ್ಕರೆ ಹಂಚೋಕೆ ಶುರು ಮಾಡಿದರು.

ನಮ್ಮಕ್ಕ ಎದ್ದಳು. ಮಗನನ್ನೂ ಬೈಯಲಿಲ್ಲ, ಆಶ್ಚರ್ಯ ನೋಡ್ರಿ, ನನ್ನನ್ನೂ ಬೈಯಲಿಲ್ಲ. ನೆಟ್ಟಗೆ ಬಾಗಿಲ ಹತ್ತಿರ ಹೋಗಿ, ಸೊಂಟದ ಮೇಲೆ ಕೈ ಇಟ್ಟು, ಕತ್ತು ಮೇಲೆತ್ತಿ ಹಲ್ಲಿಯನ್ನ ದಿಟ್ಟಿಸಿ ನೋಡಿದಳು.

"ಇಷ್ಟು ವರ್ಷ ನಮ್ಮನಿ ಹುಳಾ ತಿಂದು, ಇವತ್ತು ಬೀಗರ ಕಡೆ ಆದಿಯಲ್ಲ, ನಿನಗ ನಾಚಿಕಿ ಬರಂಗಿಲ್ಲೇನ್?"